ಹಲಗೆ ನಿಂತ ಹೊತ್ತು

ಗಂಡ ಊಟದ ನಡುವೆ ತುತ್ತು ಹಿಡಿದುಕೊಂಡೇ ಕಲ್ಲಾಗಿ ಕೂತುಬಿಟ್ಟರೆ ಯಾವ ಹೆಂಡತಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ? ಜಯಾಬಾಯಿಗೆ ಮೊದಲ ದಿನ ಹಾಗೇ ಆಯಿತು. ಯುದ್ಧ ಮುಗಿಯುವವರೆಗೂ ಹಡಗಿನ ಮೇಲಿದ್ದು ರಾಯಚೂರಿನ ಮನೆಗೆ ಮರಳಿದ್ದ ಪ್ರಾಣೇಶ ಹುಳಿಯನ್ನ ಕಲಸುತ್ತಿದ್ದವನು ಎದುರು ಗೋಡೆಯ ಗಡಿಯಾರ ನೋಡಿದ. ಕೈ ನಿಂತಿತು, ಮಾತು ನಿಂತಿತು, ತಲೆ ಒಂದಿಷ್ಟು ಪಕ್ಕಕ್ಕೆ ವಾಲಿತು. "ಯಾಕ್ರೀ, ಉಪ್ಪು ಹೆಚ್ಚಾತೇನು?" ಎಂದರೆ ಉತ್ತರವಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ, "ಹುಳಿ ಭಾಳ ಛಲೋ ಆಗ್ಯದ" ಎಂದು ಉಣ್ಣತೊಡಗಿದ.

ಒಂದು ದಿನದ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಇದು ದಿನಾ, ಅದೂ ಗಂಟೆಗೆ ಎರಡು ಸಲ. ಗಡಿಯಾರದ ದೊಡ್ಡ ಮುಳ್ಳು ಮೂರರ ಮೇಲೆ ಬಂದಾಗ ಒಮ್ಮೆ, ಒಂಬತ್ತರ ಮೇಲೆ ಬಂದಾಗ ಇನ್ನೊಮ್ಮೆ, ಮೂರು ಮೂರು ನಿಮಿಷ ಪ್ರಾಣೇಶ ಬಾಯಿ ಮುಚ್ಚಿ ಕಿವಿಯಾಗಿಬಿಡುತ್ತಿದ್ದ. ತನ್ನ ಕೈಗಡಿಯಾರದ ಗಾಜಿನ ಮೇಲೆ ಆ ಎರಡು ಜಾಗಕ್ಕೂ ಕೆಂಪು ಬಣ್ಣ ಬಳಿದುಕೊಂಡಿದ್ದ. ಸಮುದ್ರ ದಾಟಿದ ಪಾಪಕ್ಕೆ ಹಿರಿಯರು ಕುಡಿಸಿದ ಪಂಚಗವ್ಯವೂ ಈ ರೋಗವನ್ನು ಬಿಡಿಸಲಿಲ್ಲ. ಪ್ರಾಣೇಶನ ಸೋದರತ್ತೆ ಸತ್ಯಭಾಮಾಬಾಯಿ, "ನೀರಾಗಿಂದು ಏನೋ ಹತ್ಯದ" ಎಂದು ದೃಷ್ಟಿ ತೆಗೆದರು. ಓಣಿಯ ಮಂದಿ ಮಾತ್ರ ಇವನು ಮಹಾ ಧ್ಯಾನಿ ಎಂದು ಕೈ ಮುಗಿಯಲು ಸುರು ಮಾಡಿದರು. ಜಯಾಬಾಯಿಗೆ ಎರಡೂ ಬೇಡವಾಗಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ, ಬಾಗಿಲಲ್ಲಿ ಮಂದಿ ನಿಂತಿರುವಾಗ, ಕೇಳಿದ ಮಾತಿಗೆ ಉತ್ತರ ಕೊಡುವ ಗಂಡ ಅವಳಿಗೆ ಬೇಕಾಗಿದ್ದ.

"ಹಡಗಿನ ತಂತಿ ಕೆಲಸದವರು ಆ ಹೊತ್ತಿನ್ಯಾಗ ಮಾತಾಡಂಗಿಲ್ಲ. ಬರೇ ಕೇಳ್ತಾರ" ಎಂದಿದ್ದ ಪ್ರಾಣೇಶ ಒಮ್ಮೆ. ಮೊದಲು ರಾಯಚೂರು ಸ್ಟೇಷನ್ನಿನಲ್ಲಿ ತಂತಿ ಸುದ್ದಿ ಬಡಿಯುತ್ತಿದ್ದವನು. ಆ ಕಟಕಟ ಸದ್ದಿನ ವಿದ್ಯೆಯೇ ಅವನನ್ನು ಮುಂಬಯಿಗೆ ಒಯ್ದು ಹಡಗು ಹತ್ತಿಸಿತ್ತು.

"ಇಲ್ಲಿ ಹಡಗಿಲ್ಲ, ತಂತಿ ಇಲ್ಲ. ಏನು ಕೇಳಿಸ್ತದ ನಿಮಗ?"

"ಏನೂ ಇಲ್ಲ" ಎಂದ ಅವನು, ಹೋಳಿಗೆ ಊಟ ಮುಗಿಸಿದವನ ತೃಪ್ತಿಯಿಂದ. ಆ ತೃಪ್ತಿಯೇ ಜಯಾಬಾಯಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿತ್ತು.

ಇದರಲ್ಲಿ ಮಜಾ ಕಂಡವನೆಂದರೆ ಅವಳ ತಮ್ಮ ವೆಂಕಟೇಶ ಒಬ್ಬನೇ. ಕೃಷ್ಣೆಯ ಆಚೆ, ಸುರಪುರದ ಕಡೆ ಸಾಲಿ ಮಾಸ್ತರನಾಗಿದ್ದ ಅವನು ಬೇಸಿಗೆ ರಜೆಗೆ ಅಕ್ಕನ ಮನೆಗೆ ಬಂದಾಗ, ತೀರಿಹೋದ ಅಪ್ಪನ ಕಿಸೆಗಡಿಯಾರ ತೆಗೆದು ಹೊತ್ತು ನೋಡುವುದೇ ಒಂದು ಆಟ ಮಾಡಿಕೊಂಡಿದ್ದ. "ಅಕ್ಕಾ, ಭಾವನ ಸಮಾಧಿ ಹೊತ್ತಾತು, ಒಗ್ಗರಣಿ ನಿಲ್ಲಿಸು" ಎನ್ನುವನು. ಭಾವನ ಎದುರಿಗೆ ಚಕ್ಕಳಮಕ್ಕಳ ಹಾಕಿ ತಾನೂ ತಲೆ ವಾಲಿಸಿ ಕೂಡುವನು. ಒಮ್ಮೊಮ್ಮೆ ಆ ಮೌನದಲ್ಲಿ ಬೇಕೆಂತಲೇ ಚಮಚದಿಂದ ತಂಬಿಗೆಯನ್ನು ಠಣ್ಣೆಂದು ಬಡಿಯುವನು. ಪ್ರಾಣೇಶ ಬೆಚ್ಚಿಬಿದ್ದು ಅವನ ಕಡೆ ತಿರುಗಿದರೆ ಅಕ್ಕ ತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವರು.

ಅದೇ ವೆಂಕಟೇಶ ಆ ಶ್ರಾವಣದಲ್ಲಿ, ತುಂಬಿದ ಕೃಷ್ಣೆಯ ಮೇಲೆ ಹರಿಗೋಲಿನಲ್ಲಿ ಕೂತವನು ಈಚೆ ದಡಕ್ಕೆ ಬರಲಿಲ್ಲ.

ಮಾನ್ವಿಯ ತವರುಮನೆಯಲ್ಲಿ ಅಪ್ಪನ ಶ್ರಾದ್ಧವಿತ್ತು. ಜಯಾಬಾಯಿಯೂ ಪ್ರಾಣೇಶನೂ ಸತ್ಯಭಾಮಾಬಾಯಿಯವರ ದೇವದುರ್ಗದ ಮನೆಗೆ ಬಂದು ಉಳಿದಿದ್ದರು. ವೆಂಕಟೇಶ ಹೊಳೆ ದಾಟಿ ಬಂದರೆ ಹರಿಗೋಲು ನಿಲ್ಲುವ ಕಡವಿನಿಂದಲೇ ಬಂಡಿಯಲ್ಲಿ ಕೂಡಿಸಿಕೊಂಡು ಹೋಗುವುದೆಂದು ಮಾತಾಗಿತ್ತು. ಮಧ್ಯಾಹ್ನ ದಡದಲ್ಲಿ ನಿಂತಿದ್ದ ಜಯಾಬಾಯಿ, ಸೆಳವಿನ ಲೆಕ್ಕ ಹಿಡಿದು ಬಹಳ ಮೇಲಿನಿಂದ ಆಚೆ ದಡ ಬಿಟ್ಟ ಹರಿಗೋಲನ್ನು ಕಣ್ಣಾರೆ ಕಂಡಿದ್ದಳು. ಅಂಬಿಗ ಸುಂಕಪ್ಪನ ಕೆಂಪು ರುಮಾಲು, ಅದರ ಪಕ್ಕದಲ್ಲಿ ತಮ್ಮನ ಬಿಳಿ ಧೋತರ. ಹರಿಗೋಲಿನಲ್ಲಿ ಅವರಿಬ್ಬರೇ. ಅಷ್ಟರಲ್ಲಿ ಮಳೆ ಬಂತು. ಎರಡೂ ದಡದ ನಡುವೆ ಯಾರೋ ಕಂಬಳಿ ಇಳಿಬಿಟ್ಟ ಹಾಗೆ ಬಂತು. ಅದು ಜಿಟಿಜಿಟಿಗೆ ಇಳಿದಾಗ ಹೊಳೆಯ ಮೇಲೆ ಬರೀ ಮಬ್ಬಿತ್ತು. ಹರಿಗೋಲು ಇರಲಿಲ್ಲ.

ಕಡವಿನ ಮಂದಿ ಅಳುತ್ತ ಕೂಡಲಿಲ್ಲ. ಅವರದೊಂದು ಪದ್ಧತಿಯಿತ್ತು. ಹರಿಗೋಲು ತಡವಾದರೆ ದಡದಲ್ಲಿ ಚರ್ಮದ ಹಲಗೆ ಬಡಿಯಬೇಕು. ಮಬ್ಬಿನಲ್ಲಿ ದಿಕ್ಕು ತಪ್ಪಿದ ಅಂಬಿಗನಿಗೆ ದಡ ಎತ್ತಲಿದೆ ಎಂದು ಗೊತ್ತಾಗುವುದು ಆ ಸದ್ದಿನಿಂದ. ಮಳೆಯಲ್ಲಿ ಚರ್ಮ ಸಡಿಲಾಗುತ್ತದೆ ಎಂದು ಎರಡು ಹಲಗೆ ಇಟ್ಟುಕೊಂಡು, ಒಂದನ್ನು ಛಪ್ಪರದ ಕೆಳಗಿನ ಬೆಂಕಿಗೆ ಹಿಡಿದು ಕಾಯಿಸುವರು, ಇನ್ನೊಂದನ್ನು ಬಡಿಯುವರು. ಹಲಗೆಯ ಸುತ್ತ ಹೆಂಗಸರು ಊಟದ ಗಂಗಾಳ ಬಡಿಯುವರು, ಗಂಡಸರು ಹೋ ಎಂದು ಕೂಗುವರು. ಒಂದೇ ಕಟ್ಟುಪಾಡು: ಸದ್ದು ಒಂದು ಗಳಿಗೆಯೂ ನಿಲ್ಲಬಾರದು. ಹೊಳೆಯಲ್ಲಿ ಹೋದವನು ಇನ್ನಿಲ್ಲ ಎಂದು ಹಿರಿಯರು ತೀರ್ಮಾನಿಸಿದಾಗ ಮಾತ್ರ ಹಲಗೆ ನಿಲ್ಲುತ್ತಿತ್ತು. ನಿಂತಿತೆಂದರೆ ಮುಂದಿನದು ಬಳೆ ಒಡೆಯುವುದು.

ಹಲಗೆ ಬಡಿಯುತ್ತಿದ್ದವನು ಮಾರೆಪ್ಪ. ಅವನ ಎದುರಿಗೆ, ಅವನು ಬೇಸತ್ತು ನಿಲ್ಲಿಸಿಯಾನು ಎಂದು ಕಾವಲು ನಿಂತವಳಂತೆ, ಸುಂಕಪ್ಪನ ಹೆಂಡತಿ ಯಮನಮ್ಮ ಗಂಗಾಳ ಬಡಿಯುತ್ತಿದ್ದಳು. ಜಯಾಬಾಯಿ ಅವಳ ಪಕ್ಕ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಗಟ್ಟಿಮುಟ್ಟಾದ ಗಂಡಸರು ಕಡವಿನಲ್ಲಿ ಉಳಿದಿದ್ದ ಇನ್ನೊಂದು ಹರಿಗೋಲನ್ನು ಹೊತ್ತುಕೊಂಡು ಕೆಳಗಿನ ತಿರುವಿಗೆ ಓಡಿದ್ದರು. ಸೆಳವಿಗೆ ಸಿಕ್ಕಿದ್ದೆಲ್ಲ ಅಲ್ಲಿಯೇ ದಡಕ್ಕೆ ಬಡಿಯುವುದು ವಾಡಿಕೆ. ತಿರುವಿನಿಂದ ಯಾವ ಸುದ್ದಿಯೂ ಬರಲಿಲ್ಲ.

ಪ್ರಾಣೇಶ ಬಂದು ಹೆಂಡತಿಯ ಕಿವಿಯ ಹತ್ತಿರ ಬಾಗಿದ. "ಇವರಿಗೆ ಸ್ವಲ್ಪ ಹೊತ್ತು ಸುಮ್ಮನಿರಲಿಕ್ಕೆ ಹೇಳು."

ಜಯಾಬಾಯಿ ಅವನ ಕೈಗಡಿಯಾರ ನೋಡಿದಳು. ದೊಡ್ಡ ಮುಳ್ಳು ಕೆಂಪಿನ ಹತ್ತಿರ ಬಂದಿತ್ತು. ಅವಳ ಮೈಯೆಲ್ಲ ಉರಿಯಿತು. "ಇಲ್ಲಿನೂ ನಿಮ್ಮ ಹುಚ್ಚೇನು? ನನ್ನ ತಮ್ಮ ಹೊಳ್ಯಾಗ ಇದ್ದಾನ."

"ಅದಕ್ಕ ಹೇಳ್ತೀನಿ. ಅವರು ಕೂಗ್ಲಿಕತ್ತಿದ್ರ ಈ ಗದ್ದಲದಾಗ ನಮಗ ಹ್ಯಾಂಗ ಕೇಳಬೇಕು?"

ಮಾತು ಯಮನಮ್ಮನಿಗೂ ಕೇಳಿಸಿತು. ಗಂಗಾಳ ಬಡಿಯುವುದನ್ನು ನಿಲ್ಲಿಸದೆಯೇ ಅವಳು ಹೇಳಿದಳು, "ರಾಯರ, ಹಲಗಿ ನಿಂತ್ರ ನನ್ನ ಗಂಡ ಸತ್ತಂಗ. ನಾ ಬದುಕಿರೋ ತನಕ ನಿಲ್ಲಸಾಕ ಬಿಡಂಗಿಲ್ಲ."

ಪ್ರಾಣೇಶ ಮಾರೆಪ್ಪನ ಕಡೆ ನೋಡಿದ. ಮಾರೆಪ್ಪ ಯಮನಮ್ಮನ ಕಡೆ ನೋಡಿ ಇನ್ನಷ್ಟು ಜೋರಾಗಿ ಬಡಿದ. ಆಗ ಪ್ರಾಣೇಶ ನಾಲ್ಕು ಹೆಜ್ಜೆ ಮುಂದೆ ಹೋಗಿ, ಮೈಮೇಲಿನ ಜನಿವಾರ, ಹಣೆಯ ಅಂಗಾರ ಅಕ್ಷತೆ ಸಮೇತ, ಹಲಗೆಯ ಚರ್ಮದ ಮೇಲೆ ತನ್ನ ಅಂಗೈಯನ್ನು ಒತ್ತಿ ಇಟ್ಟುಬಿಟ್ಟ.

ದಡಕ್ಕೆ ದಡವೇ ಬಾಯಿ ಬಿಟ್ಟುಕೊಂಡು ನಿಂತಿತು. ಮಾರೆಪ್ಪನ ಕೋಲು ಗಾಳಿಯಲ್ಲೇ ಉಳಿಯಿತು. ಆಚಾರ್ಯರ ಮನೆಯವನು ಹಲಗೆಯ ಚರ್ಮ ಮುಟ್ಟಿದ್ದನ್ನು ಆ ಊರಿನಲ್ಲಿ ಹುಟ್ಟಿದವರು ಯಾರೂ ಕಂಡಿರಲಿಲ್ಲ. ಅಂಥದೇ ಚರ್ಮ ಹೊದಿಸಿದ ಹರಿಗೋಲಿನಲ್ಲಿ ಕೂತು ಹೊಳೆ ದಾಟಲು ಯಾವ ಆಚಾರ್ಯರಿಗೂ ಮೈಲಿಗೆ ಅಡ್ಡ ಬರುತ್ತಿರಲಿಲ್ಲ, ಆ ಮಾತು ಬೇರೆ. ಯಮನಮ್ಮನ ಗಂಗಾಳವೂ ತಾನಾಗಿ ನಿಂತಿತು. ಗಾಬರಿಯಿಂದ ಹುಟ್ಟಿದ ಆ ಮೌನದಲ್ಲಿ ಜಯಾಬಾಯಿ ಮೊದಲ ಬಾರಿಗೆ ಹೊಳೆಯ ಸದ್ದನ್ನೇ ಕೇಳಿದಳು. ದೂರದಲ್ಲಿ ಯಾರೋ ದೊಡ್ಡ ಬೀಸುಕಲ್ಲು ತಿರುಗಿಸುತ್ತಿರುವ ಹಾಗೆ ಅದು ಗುರುಗುಟ್ಟುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಕೇಳಿದಳು. ಅದರಾಚೆ ಏನೂ ಇರಲಿಲ್ಲ.

ಮೂರು ನಿಮಿಷ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರಾಣೇಶ ಕೈ ತೆಗೆದದ್ದೇ ಯಮನಮ್ಮ ಬಾಯಿ ಮಾಡಿ ಅತ್ತಳು. ಬರಿಯ ಅಳುವಲ್ಲ, ಬೈಗುಳ ಬೆರೆತ ಅಳು. "ನನ್ನ ಗಂಡನ್ನ ನೀವಾ ಹೊಳೀಗಿ ಕೊಟ್ರಿ. ನೀವಾ ಹಲಗಿ ನಿಲ್ಲಿಸಿದ್ರಿ. ಬಡಿಯೋ ಮಾರೆಪ್ಪಾ, ಬಡೀ." ಹಲಗೆ ಮತ್ತೆ ಎದ್ದಿತು. ಜಯಾಬಾಯಿಗೆ ನಾಚಿಕೆ, ಸಿಟ್ಟು, ದುಃಖ ಮೂರೂ ಒಟ್ಟಿಗೆ ಬಂದವು. ಗಂಡನ ಮುಖ ನೋಡುವುದಕ್ಕೂ ಮನಸ್ಸಾಗಲಿಲ್ಲ.

ಅವನೇ ಬಂದ. "ಮತ್ತೊಮ್ಮೆ ನಿಲ್ಲಿಸಬೇಕು" ಎಂದ.

"ಏನೂ ಕೇಳಲಿಲ್ಲಲ್ಲ."

"ಒಂದೇ ಸಲಕ್ಕ ಕೇಳಂಗಿಲ್ಲ. ಮುಳ್ಳು ಇನ್ನೊಂದು ಕೆಂಪಿನ ಮ್ಯಾಲೆ ಬರಲಿ. ಆ ಹೊತ್ತು ವೆಂಕಟೇಶಗೂ ಗೊತ್ತದ. ಅವನ ಹತ್ರ ಗಡಿಯಾರ ಅದ." ಆಮೇಲೆ ಹೆಂಡತಿಯ ಕಡೆ ನೋಡದೆ, ಹೊಳೆಯ ಕಡೆ ನೋಡುತ್ತ ಮಾತಾಡಿದ. ಹಲಗೆಯ ಸದ್ದಿಗೆ ದನಿ ಎತ್ತಿಯೇ ಹೇಳಬೇಕಾಯಿತು, ಯಮನಮ್ಮನೂ ಕೇಳುವಂತಾಯಿತು.

"ನಮ್ಮ ಹಡಗು ಮುಳುಗಿತ್ತು. ನಿನಗ ಹೇಳಿರಲಿಲ್ಲ."

ಜಯಾಬಾಯಿ ಗಕ್ಕನೆ ತಿರುಗಿದಳು. ಮನೆಗೆ ಬಂದ ಒಂದೊಂದು ಕಾಗದದಲ್ಲೂ ಕ್ಷೇಮ ಎಂದೇ ಇರುತ್ತಿತ್ತು.

"ಯುದ್ಧದಾಗ, ನಡು ಸಮುದ್ರದಾಗ, ಹಾಡಹಗಲ ಹೊಡೆದು ಮುಳುಗಿಸಿದ್ರು. ಉಳಿದವರು ಒಂದು ಸಣ್ಣ ದೋಣ್ಯಾಗ ಇದ್ವಿ. ಅದರಾಗ ತಂತಿ ಯಂತ್ರದ್ದೊಂದು ಪೆಟ್ಟಿಗಿ. ಒಬ್ಬರು ಕೈಲೆ ಅದರ ಹಿಡಕಿ ತಿರುವ್ತಿರಬೇಕು, ನಾ ಅದರಾಗ ಕರೀಬೇಕು. ದೊಡ್ಡ ಹಡಗಿನ ಯಂತ್ರದ ಮುಂದ ಅದರ ದನಿ ಅಂದ್ರ ಗುಬ್ಬಿ ದನಿ. ಆಕಾಶದ ತುಂಬ ತಂತಿ ಮಾತು ಗಿಜಿಗಿಜಿ ಅಂತಿರ್ತದ. ಅದರಾಗ ಗುಬ್ಬಿ ದನಿ ಯಾರು ಕೇಳಬೇಕು? ಅದಕ್ಕ ಒಂದು ಕಟ್ಟು ಮಾಡ್ಯಾರ. ಗಂಟಿಗೆ ಎರಡು ಸಲ ಎಲ್ಲಾ ಹಡಗೂ, ದಡದ ಮ್ಯಾಲಿನ ತಂತಿ ಠಾಣ್ಯಾದವರೂ ಬಾಯಿ ಮುಚ್ಚಬೇಕು. ರಾಜರ ಹಡಗಿರ್ಲಿ, ಕಲ್ಲಿದ್ದಲಿ ಹೊರೋ ಹಡಗಿರ್ಲಿ, ಎಷ್ಟೇ ಜರೂರಿ ಮಾತಿರ್ಲಿ. ಆ ಹೊತ್ತು ಮುಳುಗೋರದು. ಬ್ಯಾರೆ ಯಾರದೂ ಅಲ್ಲ."

ಮಾರೆಪ್ಪನ ಕೋಲು ತಾಳ ತಪ್ಪಿತು. ಅವನೂ ಕೇಳುತ್ತಿದ್ದ.

"ನನ್ನ ಗಡಿಯಾರ ನಿಂತಿರಲಿಲ್ಲ. ಆ ಹೊತ್ತು ಕಾದು, ಆ ಹೊತ್ತಿನ್ಯಾಗ ಕರದೆ. ಎಲ್ಲೋ ಯಾವನೋ ಒಬ್ಬಾಂವ ಸುಮ್ಮನ ಕೂತು ಕೇಳ್ತಿದ್ದ. ಅವನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಯಾವ ದೇಶದಾಂವ ಅಂತನೂ ಗೊತ್ತಿಲ್ಲ. ಅಂವಾ ಹೇಳಿದ ಮ್ಯಾಲೆ ನಮ್ಮ ಕಡೆ ಒಂದು ಹಡಗು ಬಂತು. ಅಂವಾ ಸುಮ್ಮನ ಇದ್ದದ್ದಕ್ಕ ನಾ ಇಲ್ಲಿ ನಿಂತೀನಿ."

ಜಯಾಬಾಯಿ ಸಮುದ್ರ ಕಂಡವಳಲ್ಲ. ಅವಳಿಗೆ ಗೊತ್ತಿದ್ದ ನೀರೆಂದರೆ ಎದುರಿಗಿದ್ದ ಈ ಕೃಷ್ಣೆ, ಮಾನ್ವಿಯ ಕಡೆ ಹೋದರೆ ತುಂಗಭದ್ರೆ. ಈಗ ಅವಳ ಕಣ್ಣ ಮುಂದೆ ದಡವೇ ಇಲ್ಲದ ನೀರು ಬಂತು. ಅದರ ಮೇಲೆ ಒಂದನ್ನೊಂದು ಕಾಣದಷ್ಟು ದೂರದೂರದಲ್ಲಿ ಸಾವಿರ ಹಡಗು, ಪರಸ್ಪರ ಭಾಷೆ ತಿಳಿಯದ ಮಂದಿ. ಅವರೆಲ್ಲ ಒಂದೇ ಗಳಿಗೆಗೆ ಮಾತು ನಿಲ್ಲಿಸಿ, ಗುರುತಿಲ್ಲದ ಯಾರೋ ಒಬ್ಬನ ಗುಬ್ಬಿ ದನಿಗಾಗಿ ಕಿವಿ ಕೊಟ್ಟು ಕೂಡುತ್ತಾರೆ. ದಿನಾ, ಗಂಟೆ ಗಂಟೆಗೂ. ತಾನು ರಾಯಚೂರಿನಲ್ಲಿ ಒಗ್ಗರಣೆ ಹಾಕುತ್ತಿದ್ದಾಗಲೂ ಅದು ನಡೆದಿತ್ತು, ತಾನು ಈ ಗಂಡನ ಮೇಲೆ ಸಿಡಿಮಿಡಿಗೊಂಡಾಗಲೂ ನಡೆದಿತ್ತು. ದೇವರ ಕೋಣೆಯಲ್ಲಿ ಕೂತಾಗಲೂ ಬಾರದ ಒಂದು ಭಯಭಕ್ತಿ ಅವಳ ಮೈಯಲ್ಲಿ ಹಾದುಹೋಯಿತು. ತನ್ನ ಹಣೆಯ ಕುಂಕುಮವನ್ನು ಯಾವನೋ ಹೆಸರಿಲ್ಲದವನು ಮೂರು ನಿಮಿಷ ಬಾಯಿ ಮುಚ್ಚಿ ಉಳಿಸಿಕೊಟ್ಟಿದ್ದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಯಮನಮ್ಮನ ಬಳಿಗೆ ಹೋದಳು.

"ಯಮನವ್ವಾ, ನಿನ್ನ ಗಂಡನೂ ನನ್ನ ತಮ್ಮನೂ ಒಂದೇ ಹರಿಗೋಲಿನ್ಯಾಗ ಇದ್ದಾರ. ನಿನಗ ಆಗೋದು ನನಗೂ ಆಗ್ತದ. ನೀ ಒಲ್ಲೆ ಅಂದ್ರ ನಾ ನಿಲ್ಲಸಂಗಿಲ್ಲ."

ಯಮನಮ್ಮ ಗಂಗಾಳ ಬಡಿಯುತ್ತಲೇ ಪ್ರಾಣೇಶನನ್ನು ಮೇಲಿಂದ ಕೆಳಗೆ ನೋಡಿದಳು, ಇವನು ನಿಜವಾಗಿ ಮುಳುಗಿ ಎದ್ದವನೋ ಅಲ್ಲವೋ ಎಂದು ಪರೀಕ್ಷೆ ಮಾಡುವವಳಂತೆ. "ನಿಮ್ಮ ದೋಣ್ಯಾಗಿನ ಎಲ್ಲಾ ಮಂದೀನೂ ಬಂದ್ರೇನ್ರೀ?" ಎಂದು ಕೇಳಿದಳು.

"ದೋಣಿ ಹತ್ತಿದವರು ಎಲ್ಲಾರೂ ಬಂದ್ವಿ."

"ಹೊತ್ತಾದ್ರ ಹೇಳ್ರಿ" ಎಂದಳು ಅವಳು.

ಮುಳ್ಳು ಒಂಬತ್ತರ ಕೆಂಪಿಗೆ ಬಂದಾಗ ಪ್ರಾಣೇಶ ತಲೆ ಆಡಿಸಿದ. ಯಮನಮ್ಮ ಗಂಗಾಳವನ್ನು ಎದೆಗೆ ಅಪ್ಪಿಕೊಂಡಳು, ಇನ್ನೊಂದು ಕೈಯನ್ನು ತಾನೇ ಹಲಗೆಯ ಮೇಲೆ ಇಟ್ಟಳು. ಮಾರೆಪ್ಪ ಕೋಲು ಇಳಿಸಿದ. ಈ ಸಲ ಗಾಬರಿಯ ಮೌನವಲ್ಲ. ಅಷ್ಟು ಮಂದಿ ಬೇಕೆಂದೇ ಸುಮ್ಮನಾದರು. ಎಳೆಗೂಸಿನ ತಾಯಿ ಕೂಸಿಗೆ ಮೊಲೆ ಕೊಟ್ಟಳು. ಬಂಡಿಯವನು ಎತ್ತಿನ ಕೊರಳ ಗಂಟೆ ಹಿಡಿದ. ಬೆಂಕಿಯಲ್ಲಿ ಹಸಿ ಕಟ್ಟಿಗೆ ಚಿಟಚಿಟ ಎಂದದ್ದಕ್ಕೆ ಒಬ್ಬಳು ಅದನ್ನೂ ಹೊರಗೆಳೆದಳು. ತಲೆಯ ಮೇಲಿನ ಕಂಬಳಿ ಕೊಪ್ಪೆಗಳ ಮೇಲೆ ಮಳೆ ಬೀಳುವ ಸದ್ದು, ಅದರಾಚೆ ಹೊಳೆ, ಹೊಳೆಯಾಚೆ ಮಬ್ಬು. ಜಯಾಬಾಯಿ ತನ್ನ ಮೈಯಲ್ಲಿ ಕಿವಿಯ ಹೊರತು ಬೇರೇನೂ ಇಲ್ಲವೆಂಬಂತೆ ನಿಂತಳು.

ಠಣ್.

ಅದು ಬಂತೋ ಇಲ್ಲವೋ ಎಂಬಷ್ಟು ಸಣ್ಣಗೆ ಬಂತು. ಯಾರೂ ಅಲುಗಲಿಲ್ಲ. ಮತ್ತೆ ಠಣ್, ಠಣ್. ತಾಮ್ರದ ತಂಬಿಗೆಯ ಸದ್ದು. ತನ್ನ ಅಡುಗೆಮನೆಯಲ್ಲಿ ಎಷ್ಟೋ ಸಲ ಕೇಳಿ ನಕ್ಕಿದ್ದ ಆ ಸದ್ದನ್ನು ಜಯಾಬಾಯಿ ಗುರುತಿಸಿದಳು. ಅವಳ ಬಾಯಿಂದ ತಮ್ಮನ ಹೆಸರು ಹೊರಬೀಳುವುದರಲ್ಲಿತ್ತು. ಸೆರಗು ಬಾಯಿಗೆ ತುರುಕಿಕೊಂಡು ತಡೆದಳು. ಯಮನಮ್ಮ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತೋರಿಸಿದಳು. ಎಲ್ಲರೂ ಕಾಯುತ್ತಿದ್ದ ಕೆಳಗಿನ ತಿರುವಿನ ಕಡೆಗಲ್ಲ. ಮೇಲಕ್ಕೆ, ನಡು ಹೊಳೆಯ ಬಂಡೆಗಳ ಕಡೆಗೆ.

"ಮ್ಯಾಗಳ ಬಂಡೆಗಲ್ಲು" ಎಂದ ಮಾರೆಪ್ಪ ಪಿಸುದನಿಯಲ್ಲಿ. "ಕೆಳಾಕ ಹೋಗೇ ಇಲ್ಲ ಅವರು."

ಆಮೇಲೆ ಏನೇನಾಯಿತೆಂದು ಜಯಾಬಾಯಿಗೆ ಸರಿಯಾಗಿ ನೆನಪು ಉಳಿಯಲಿಲ್ಲ. ತಿರುವಿಗೆ ಒಬ್ಬ ಓಡಿದ; ಗಂಡಸರು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡಗುಂಟ ಮೇಲಕ್ಕೆ ಬಂದರು; ಉದ್ದನೆಯ ಹಗ್ಗ ಕಟ್ಟಿ, ಬಂಡೆಗಳಿಗಿಂತ ಬಹಳ ಮೇಲಿನಿಂದ ಅದನ್ನು ನೀರಿಗೆ ಬಿಟ್ಟರು. ಹಗ್ಗ ಹಿಡಿದವರಲ್ಲಿ ಪ್ರಾಣೇಶನೂ ಇದ್ದ, ಅವನ ಹಿಂದೆ ಮಾರೆಪ್ಪನಿದ್ದ. ಮೈಲಿಗೆಯ ಲೆಕ್ಕ ಆ ದಿನ ಯಾರೂ ಇಡಲಿಲ್ಲ. ಹೊತ್ತು ಮುಳುಗುವ ಮೊದಲು ಸುಂಕಪ್ಪನೂ ವೆಂಕಟೇಶನೂ ನಡುಗುತ್ತ ಈಚೆ ದಡಕ್ಕೆ ಕಾಲಿಟ್ಟರು. ಸುಂಕಪ್ಪನ ಹರಿಗೋಲು ಬಂಡೆಗೆ ಬಡಿದು ಹರಿದುಹೋಗಿತ್ತು. ವೆಂಕಟೇಶನ ಕೈಯಲ್ಲಿ ಕಲ್ಲಿಗೆ ಬಡಿದು ಬಡಿದು ನೆಗ್ಗಿದ ತಂಬಿಗೆಯೊಂದು ಉಳಿದಿತ್ತು.

ಯಮನಮ್ಮ ಗಂಡನ ಮೈ ಕೈ ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಬೈಯಲು ಸುರು ಮಾಡಿದಳು. "ನಾವು ಇಲ್ಲಿ ಬಡಕೊಂಡು ಸಾಯಾಕತ್ತೀವಿ, ನಿನಗ ಒಂದು ಕೂಗು ಹಾಕಾಕ ಆಗಲಿಲ್ಲೇನು?"

"ಕೂಗದಿದ್ರ ಗಂಟಲ ಹಿಂಗ ಹೋಗ್ತಿತ್ತೇನ ಬೇ?" ಎಂದ ಸುಂಕಪ್ಪ. ಅವನ ದನಿ ಹೊರಡುತ್ತಲೇ ಇರಲಿಲ್ಲ. "ನಿಮ್ಮ ಹಲಗಿ ನಮಗ ಕೇಳಾಕತ್ತಿತ್ತು. ನಮ್ಮದು ನಿಮಗ ಮುಟ್ಟಲಿಲ್ಲ. ಆಮ್ಯಾಲ ಹಲಗಿ ನಿಂತಿತು." ಅಷ್ಟು ಹೇಳಿ ಅವನು ಬೆಂಕಿಯ ಕಡೆ ಮುಖ ತಿರುಗಿಸಿದ.

ಉಳಿದದ್ದನ್ನು ವೆಂಕಟೇಶ ಹೇಳಿದ. ಹಲಗೆ ಮೊದಲ ಸಲ ನಿಂತಾಗ ಸುಂಕಪ್ಪ ಕೂಗುವುದನ್ನು ಬಿಟ್ಟು ಬಂಡೆಯ ಮೇಲೆ ಕುಸಿದು ಕೂತನಂತೆ. "ನಮ್ಮ ಮಂದಿ ನಮ್ಮನ್ನ ಬಿಟ್ರು, ಮಾಸ್ತರ. ಇನ್ನ ಕೂಗಿ ಏನು ಮಾಡೋದು" ಎಂದು ಕೈ ಮುಗಿದನಂತೆ. ವೆಂಕಟೇಶನೂ ಅವನ ಪಕ್ಕ ತೆಪ್ಪಗೆ ಕೂತುಬಿಟ್ಟನಂತೆ. ದಡದ ಮಂದಿ ಉಸಿರು ಹಿಡಿದು ಕಿವಿಗೊಟ್ಟ ಹೊತ್ತಿನಲ್ಲಿಯೇ ಬಂಡೆಯ ಮೇಲಿನವರು ತಾವು ಸತ್ತೆವೆಂದು ಬಾಯಿ ಮುಚ್ಚಿಕೊಂಡು ಕೂತಿದ್ದರು.

ಇದನ್ನು ಕೇಳಿ ಜಯಾಬಾಯಿ ಗಂಡನ ಕಡೆ ತಿರುಗಿದಳು. ಪ್ರಾಣೇಶ ಹಲಗೆಯ ಮೇಲೆ ಇಟ್ಟಿದ್ದ ತನ್ನ ಅಂಗೈಯನ್ನೇ ನೋಡಿಕೊಂಡ.

"ಮತ್ತ ಹಲಗಿ ಸುರು ಆತು" ಎಂದ ವೆಂಕಟೇಶ. "ಸುಂಕಪ್ಪ ಅಂದ, ನಮ್ಮ ಕಡವಿನ್ಯಾಗ ಸತ್ತವರಿಗೆ ಎರಡನೇ ಸಲ ಬಡಿಯಂಗಿಲ್ಲ ಅಂತ. ಹಂಗಾದ್ರ ನಡುವ ಯಾಕ ನಿಲ್ಲಿಸಿದ್ರು? ಭಾವಾ, ಆಗ ನಾ ಗಡಿಯಾರ ತೆಗೆದು ನೋಡಿದೆ. ಮುಳ್ಳು ಮೂರು ದಾಟಿ ಸ್ವಲ್ಪೇ ಮುಂದ ಹೋಗಿತ್ತು." ಅವನು ನಗಲು ಹೋದ, ಆಗಲಿಲ್ಲ. "ನೀವು ಸಮಾಧಿಗೆ ಕೂತೀರಿ ಅಂತ ಗೊತ್ತಾತು. ಒಂಬತ್ತಕ್ಕ ಮತ್ತ ಕೂಡ್ತೀರಿ ಅಂತನೂ ಗೊತ್ತಾತು. ಗಂಟಲು ಹೋಗಿತ್ತು, ತಂಬಿಗಿ ಹಿಡಕೊಂಡು ಕಾದೆ."

ಪ್ರಾಣೇಶ ಭಾವಮೈದುನನ ನೆಗ್ಗಿದ ತಂಬಿಗೆಯನ್ನು ಕೈಗೆ ತೆಗೆದುಕೊಂಡು ಅದರ ಮೇಲಿನ ನೆಗ್ಗುಗಳನ್ನು ಬೆರಳಿನಿಂದ ಸವರುತ್ತ ಕೂತ. ಅವನ ಕಣ್ಣಿಂದ ನೀರು ಇಳಿಯುವುದನ್ನು ಜಯಾಬಾಯಿ ಮದುವೆಯಾದ ಮೇಲೆ ಮೊದಲ ಸಲ ಕಂಡಳು.

ಮರುದಿನ ಬೆಳಿಗ್ಗೆ ಬಂಡಿ ಮಾನ್ವಿಯ ದಾರಿ ಹಿಡಿಯಿತು. ಮಳೆ ಬಿಟ್ಟಿತ್ತು. ವೆಂಕಟೇಶ ಕಂಬಳಿ ಹೊದ್ದು ಬಂಡಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಜಯಾಬಾಯಿ ಗಂಡನಿಗೆ ಶ್ರಾದ್ಧದ ಅಡುಗೆಯ ಬಗ್ಗೆ ಏನೋ ಹೇಳುತ್ತಿದ್ದಳು. ನಡುವೆ ಅವನು ಕೈಗಡಿಯಾರ ನೋಡಿದ. ತಲೆ ಒಂದಿಷ್ಟು ಪಕ್ಕಕ್ಕೆ ವಾಲಿತು. ಅವಳು ಅರ್ಧ ಮಾತಿಗೇ ನಿಲ್ಲಿಸಿದಳು. ಬಂಡಿಯವನ ಭುಜ ತಟ್ಟಿ ಬಂಡಿ ನಿಲ್ಲಿಸಿದಳು, ಕೆಳಗಿಳಿದು ಹೋಗಿ ಎತ್ತುಗಳ ನಡುವೆ ನಿಂತು ಎರಡೂ ಕೊರಳ ಗಂಟೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ತಮ್ಮನ ಗೊರಕೆಯೊಂದು ಉಳಿಯಿತು. ಅದನ್ನು ನಿಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ.

ಎರೆಹೊಲಗಳು ದಿಗಂತದ ತನಕ ಸುಮ್ಮನೆ ಬಿದ್ದಿದ್ದವು. ಜಯಾಬಾಯಿ ಕಿವಿಗೊಟ್ಟು ನಿಂತಳು. ಎಷ್ಟು ಕೇಳಿದರೂ ಎತ್ತಲಿಂದಲೂ ಮುಳುಗುವ ಯಾರ ಕರೆಯೂ ಬರಲಿಲ್ಲ.

ಮೂರು ನಿಮಿಷ ಮುಗಿದ ಮೇಲೆ ಪ್ರಾಣೇಶ ಬಂಡಿಯ ಮೇಲಿನಿಂದ ಬಾಗಿ, "ಏನು ಕೇಳಿಸ್ತು?" ಎಂದ.

"ಏನೂ ಇಲ್ಲ" ಎಂದಳು ಅವಳು, ಹೊಟ್ಟೆ ತುಂಬಿದವಳ ಹಾಗೆ, ಮತ್ತು ಗಂಟೆಗಳನ್ನು ಬಿಟ್ಟಳು.